ಶಕ್ತಿ, ಯುಕ್ತಿ ಮತ್ತು ಸಂಗ್ರಾಣಿ ಕಲ್ಲು
(ಬಾನುಲಿ ಭಾಷಣ)

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸೀಮೆ ಎರೆಭೂಮಿಯ ಸೀಮೆ, ಮಲಪ್ರಭೆಯ ಸೀಮೆ. ಜೋಳ, ಹತ್ತಿಗಳಿಗೆ ಹೇಗೋ ಹಾಗೆ ಗರಡಿಗೂ ಜಾತ್ರೆಗೂ ಈ ನೆಲ ಹೆಸರಾದದ್ದು. ಇಲ್ಲಿಯ ಜಾತ್ರೆಯೆಂದರೆ ತೇರು ಎಳೆದು ಮುಗಿಯುವ ಉತ್ಸವವಲ್ಲ. ಮರುದಿನ ಕುಸ್ತಿ ಬೇಕು, ಅದರ ಬದಿಗೆ ಭಾರ ಎತ್ತುವ ಪಂದ್ಯವೂ ಬೇಕು. ಒಂದು ಕಡೆ ಕೆಮ್ಮಣ್ಣಿನ ಕಣದಲ್ಲಿ ಜೋಡಿಗಳು ಕೈಕೈ ಹಿಡಿದು ನಿಂತಿರುತ್ತವೆ. ಇನ್ನೊಂದು ಕಡೆ ತರುಣನೊಬ್ಬ ಸಂಗ್ರಾಣಿ ಕಲ್ಲಿನ ಮುಂದೆ ಕಾಲು ಅಗಲಿಸಿ ನಿಂತು ಕೈಗೆ ಮಣ್ಣು ಸವರಿಕೊಳ್ಳುತ್ತಿರುತ್ತಾನೆ. ನೋಡುವವರಿಗೆ ಎರಡೂ ಬಲದ ಆಟಗಳೇ. ಆದರೆ ಕಲ್ಲು ಎತ್ತುವವನೇ ಕುಸ್ತಿ ಗೆಲ್ಲುತ್ತಾನೆಯೇ? ಕುಸ್ತಿ ಗೆಲ್ಲಬೇಕೆನ್ನುವವನು ಕಲ್ಲು ಎತ್ತಬೇಕೇ? ಈ ಪ್ರಶ್ನೆಗೆ ಗರಡಿಯ ಹಿರಿಯರಲ್ಲಿ ಇಂದಿಗೂ ಒಮ್ಮತವಿಲ್ಲ.

ಪ್ರಶ್ನೆ ಹಳೆಯದಾದರೂ ಈಗ ಅದಕ್ಕೆ ಹೊಸ ಒತ್ತಡ ಬಂದಿದೆ. ತಾಲೂಕಿನ ಪೇಟೆಗಳಲ್ಲಿ ಜಿಮ್ ಎಂಬ ಹೆಸರಿನ ವ್ಯಾಯಾಮಶಾಲೆಗಳು ತೆರೆದಿವೆ. ಅಲ್ಲಿ ಕನ್ನಡಿ ಇದೆ, ಕಬ್ಬಿಣದ ಸಲಾಕೆ ಇದೆ, ತೂಕದ ಬಿಲ್ಲೆಗಳಿವೆ. ಹಳ್ಳಿಯ ಗರಡಿಯಲ್ಲಿ ಹನುಮಪ್ಪನ ಮೂರ್ತಿ ಇದೆ, ಮಣ್ಣಿದೆ, ವಸ್ತಾದನ ಕಣ್ಣಿದೆ. ಹದಿನಾರು ಹದಿನೇಳರ ಹುಡುಗ ಎರಡರ ನಡುವೆ ನಿಂತು ಯಾವ ಕಡೆ ಹೋಗಲಿ ಎಂದು ಕೇಳುತ್ತಾನೆ. "ಕಬ್ಬಿಣ ಎತ್ತಿದರೆ ಮೈ ಬಿಗಿದು ಮರವಾಗುತ್ತದೆ, ಪಟ್ಟು ಹೊಳೆಯುವುದಿಲ್ಲ" ಎನ್ನುತ್ತಾನೆ ವಸ್ತಾದ. "ಬಲವೇ ಇಲ್ಲದವನ ಪಟ್ಟಿಗೆ ಬೆಲೆ ಏನು?" ಎನ್ನುತ್ತಾನೆ ಜಿಮ್ಮಿನ ತರಬೇತುದಾರ. ಪೈಲವಾನನ ಆಯುಷ್ಯದಲ್ಲಿ ಕಣಕ್ಕೆ ಸಲ್ಲುವ ವರ್ಷಗಳು ಹತ್ತೋ ಹನ್ನೆರಡೋ ಮಾತ್ರ. ಅವನು ಬಹುಮಟ್ಟಿಗೆ ಒಕ್ಕಲುತನದ ಮನೆಯ ಮಗ. ಕುಸ್ತಿ ಬಿಟ್ಟ ಮೇಲೆ ಅದೇ ಬೆನ್ನಿನಿಂದ ಹೊಲದ ಕೆಲಸ ಮಾಡಬೇಕಾದವನು. ಆದ್ದರಿಂದ ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದು ಬರಿಯ ಹರಟೆಯ ವಿಷಯವಲ್ಲ.

ಮೊದಲಿಗೆ ನಮ್ಮ ಹಿಂದಿನವರು ಈ ವಿಷಯವನ್ನು ಹೇಗೆ ಕಂಡಿದ್ದರೆಂಬುದನ್ನು ನೋಡಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಕನ್ನಡ ನಾಡಿನ ಅರಸನೊಬ್ಬ ಕುಸ್ತಿಯನ್ನು ಶಾಸ್ತ್ರದ ವಿಷಯವೆಂದು ಎಣಿಸಿ ಬರೆದದ್ದು ಅದು. ಮಲ್ಲರ ವರ್ಗ, ಆಹಾರ, ಪಟ್ಟುಗಳ ಜೊತೆಗೆ ಮಲ್ಲನು ಮಾಡಬೇಕಾದ ಶ್ರಮಗಳನ್ನೂ ಅಲ್ಲಿ ಹೇಳಿದೆ. ಭಾರಶ್ರಮವೆಂದರೆ ತೂಕದ ವ್ಯಾಯಾಮ, ಭ್ರಮಣಶ್ರಮವೆಂದರೆ ನಡಿಗೆ, ಸಲಿಲಶ್ರಮವೆಂದರೆ ಈಜು, ಸ್ತಂಭಶ್ರಮವೆಂದರೆ ಕಂಬದ ಮೇಲಿನ ಸಾಧನೆ. ಭಾರವು ಈ ಪಟ್ಟಿಯಲ್ಲಿ ಸೇರಿದೆ ಎಂಬುದನ್ನು ವಸ್ತಾದರು ಗಮನಿಸಬೇಕು. ಅದು ಪಟ್ಟಿಯಲ್ಲಿ ಒಂದು ಮಾತ್ರ ಎಂಬುದನ್ನು ಜಿಮ್ಮಿನವರು ಗಮನಿಸಬೇಕು. ಭಾರವನ್ನು ತೊರೆಯದೆ, ಅದೊಂದನ್ನೇ ನೆಚ್ಚದೆ ಇದ್ದ ಆ ಹಿರಿಯರ ವಿವೇಕ ಒಂಬೈನೂರು ವರ್ಷಗಳ ಆಚೆಯದು.

ಇದೇ ಪ್ರಶ್ನೆಯ ಇನ್ನೊಂದು ಮುಖ ನಮ್ಮ ಕಾವ್ಯಪರಂಪರೆಯಲ್ಲಿದೆ. ರಾಮದುರ್ಗಕ್ಕೆ ದೂರವಲ್ಲದ ಮುಧೋಳದ ರನ್ನನು ಹಾಡಿದ ಗದಾಯುದ್ಧದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಯುದ್ಧದ ಮೂಲ ವ್ಯಾಸಭಾರತದಲ್ಲಿ ಒಂದು ಸೂಕ್ಷ್ಮವಾದ ಸಂದರ್ಭವಿದೆ. ಇಬ್ಬರಲ್ಲಿ ಯಾರು ಮೇಲು ಎಂದು ಅರ್ಜುನ ಕೇಳಿದಾಗ ಕೃಷ್ಣನು ಕೊಡುವ ಉತ್ತರದ ಸಾರ ಇಷ್ಟು: ಇಬ್ಬರಿಗೂ ದೊರೆತ ಶಿಕ್ಷಣ ಒಂದೇ, ಬಲದಲ್ಲಿ ಭೀಮ ದೊಡ್ಡವನು, ಅಭ್ಯಾಸದಲ್ಲಿ ದುರ್ಯೋಧನ ದೊಡ್ಡವನು, ಹದಿಮೂರು ವರ್ಷ ಕಬ್ಬಿಣದ ಭೀಮನನ್ನು ಮುಂದಿಟ್ಟುಕೊಂಡು ಗದೆ ಬೀಸಿದವನನ್ನು ಧರ್ಮಯುದ್ಧದಲ್ಲಿ ಭೀಮ ಗೆಲ್ಲಲಾರ. ಕೊನೆಗೆ ಗೆಲುವು ಬಂದದ್ದು ತೊಡೆ ಮುರಿದ ಹೊಡೆತದಿಂದ. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮ ಮೀರಿದ ಆ ಹೊಡೆತಕ್ಕಾಗಿ ಬಲರಾಮ ಕೆರಳಿದ. ಶಕ್ತಿಗಿಂತ ಯುಕ್ತಿ ಮೇಲೆಂಬ ಗಾದೆ ನಮ್ಮಲ್ಲಿದೆ. ಭಾರತದ ಕವಿ ಅದನ್ನು ಒಪ್ಪಿದಂತೆ ಕಂಡರೂ ಇನ್ನೊಂದು ಮಾತನ್ನು ಸೇರಿಸಿದ್ದಾನೆ. ದುರ್ಯೋಧನನ ಯುಕ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕಬ್ಬಿಣದ ಪ್ರತಿಮೆಯೆದುರು ದಿನದಿನವೂ ದುಡಿದ ದೇಹದಲ್ಲಿ ಹುಟ್ಟಿದ್ದು. ಯುಕ್ತಿಗೂ ಒಂದು ಮೈ ಬೇಕು.

ಈಗ ಭಾರ ಎತ್ತುವ ಕ್ರೀಡೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡೋಣ. ಇಂದು ಜಗತ್ತಿನಲ್ಲಿ ಇದರ ಎರಡು ಮುಖ್ಯ ಕವಲುಗಳಿವೆ. ಒಲಿಂಪಿಕ್ಸ್‌ನಲ್ಲಿ ಕಾಣುವ ವೇಟ್‌ಲಿಫ್ಟಿಂಗ್ ಒಂದು. ಅದರಲ್ಲಿ ಸಲಾಕೆಯನ್ನು ನೆಲದಿಂದ ತಲೆಯ ಮೇಲಕ್ಕೆ ಒಂದೇ ಬೀಸಿಗೆ ಒಯ್ಯುವ ಸ್ನ್ಯಾಚ್, ಹೆಗಲಿಗೆ ತಂದು ಅಲ್ಲಿಂದ ಮೇಲಕ್ಕೆ ಚಿಮ್ಮಿಸುವ ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆ. ಇನ್ನೊಂದು ಪವರ್‌ಲಿಫ್ಟಿಂಗ್. ಇದರ ಅಂತರರಾಷ್ಟ್ರೀಯ ಒಕ್ಕೂಟ 1972ರಲ್ಲಿ ಸ್ಥಾಪನೆಯಾಯಿತು. ಇದರಲ್ಲಿ ಮೂರು ಬಗೆ: ಸಲಾಕೆಯನ್ನು ಹೆಗಲ ಮೇಲಿಟ್ಟು ಬಸ್ಕಿ ಹೊಡೆದು ಏಳುವ ಸ್ಕ್ವಾಟ್, ಹಲಗೆಯ ಮೇಲೆ ಮಲಗಿ ಎದೆಯಿಂದ ಮೇಲೆತ್ತುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ಸೊಂಟ ನೆಟ್ಟಗೆ ಮಾಡಿ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಮೂರು ಅವಕಾಶ. ಒಂದೊಂದರಲ್ಲಿ ಎತ್ತಿದ ಅತಿ ಹೆಚ್ಚು ತೂಕವನ್ನು ಕೂಡಿಸಿ, ದೇಹತೂಕದ ವರ್ಗದೊಳಗೆ ಸೋಲು ಗೆಲುವುಗಳನ್ನು ನಿರ್ಣಯಿಸುತ್ತಾರೆ.

ಈ ಎರಡನೆಯ ಕ್ರೀಡೆಯ ಹೆಸರಿನಲ್ಲಿಯೇ ಒಂದು ತಮಾಷೆಯಿದೆ. ಭೌತಶಾಸ್ತ್ರದಲ್ಲಿ ಪವರ್ ಎಂಬ ಮಾತಿಗೆ ಬಲವನ್ನು ಎಷ್ಟು ವೇಗವಾಗಿ ಪ್ರಯೋಗಿಸಿದೆವು ಎಂಬ ಅರ್ಥ ಸೇರಿದೆ. ಆದರೆ ಭಾರಿ ಡೆಡ್‌ಲಿಫ್ಟ್ ಮೇಲೇಳುವುದು ಬಸವನಹುಳು ಹರಿದಂತೆ, ನಿಧಾನವಾಗಿ. ವೇಗ ಬೇಕಾದದ್ದು ಸ್ನ್ಯಾಚಿನಲ್ಲಿ. ಇದು ಬರಿಯ ಹೆಸರಿನ ವಿನೋದವಲ್ಲ. ನಮ್ಮ ಪ್ರಶ್ನೆಯ ತಿರುಳು ಇದರೊಳಗೇ ಇದೆ. ಕುಸ್ತಿಯಲ್ಲಿ ಎದುರಾಳಿಯ ಕಾಲು ಸಿಕ್ಕುವುದು ಕಣ್ಣೆವೆಯಿಕ್ಕುವ ಹೊತ್ತಿಗೆ. ಕರಾಟೆಯವನ ಹೊಡೆತ ಮುಗಿಯುವುದೂ ಅಷ್ಟರಲ್ಲೇ. ಮನುಷ್ಯನ ಸ್ನಾಯುಗಳು ತಮ್ಮ ಪೂರ್ಣಬಲವನ್ನು ತೋರಲು ಸುಮಾರು ಮೂರರಲ್ಲೊಂದು ಸೆಕೆಂಡಾದರೂ ಬೇಕೆಂದು ಅಳೆದವರು ಹೇಳುತ್ತಾರೆ. ಅಷ್ಟು ಸಮಯವನ್ನು ಎದುರಾಳಿ ಕೊಡುವುದಿಲ್ಲ. ಆದುದರಿಂದ ಇನ್ನೂರು ಕಿಲೋ ಎತ್ತುವವನ ಬಲದಲ್ಲಿ ಆ ಕ್ಷಣಕ್ಕೆ ಒದಗುವ ಪಾಲೆಷ್ಟು ಎಂಬುದೇ ಮುಖ್ಯವಾಗುತ್ತದೆ. ಕಣಜದಲ್ಲಿ ಜೋಳ ತುಂಬಿರುವುದು ಒಂದು. ಹಸಿದ ಹೊತ್ತಿಗೆ ರೊಟ್ಟಿ ತಟ್ಟೆಗೆ ಬರುವುದು ಇನ್ನೊಂದು.

ಹಾಗಾದರೆ ಕಣಜ ತುಂಬುವುದು ವ್ಯರ್ಥವೇ? ಹಾಗೆ ಹೇಳುವಂತಿಲ್ಲ. ಬರಿದಾದ ಕಣಜದಿಂದ ಎಷ್ಟು ಬೇಗ ತೆಗೆದರೂ ಕೈಗೆ ಬರುವುದು ಹೊಟ್ಟು. ಕುಸ್ತಿಯ ಪಟ್ಟುಗಳಲ್ಲಿ ಎದುರಾಳಿಯನ್ನು ಸೊಂಟದ ಮೇಲೆ ಹೊತ್ತು ಒಗೆಯುವುದುಂಟು, ತೊಡೆಗಳನ್ನು ಹಿಡಿದು ನೆಲದಿಂದ ಎತ್ತುವುದುಂಟು. ಈ ಕ್ರಿಯೆಗಳಲ್ಲಿ ದುಡಿಯುವ ತೊಡೆ, ಬೆನ್ನು, ಸೊಂಟಗಳ ಸ್ನಾಯುಗಳೇ ಸ್ಕ್ವಾಟಿನಲ್ಲಿಯೂ ಡೆಡ್‌ಲಿಫ್ಟಿನಲ್ಲಿಯೂ ದುಡಿಯುತ್ತವೆ. ಭಾರದ ಸಾಧನೆಯ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಮಾಂಸದ ಗಾತ್ರದಿಂದ ಬಂದದ್ದಲ್ಲ, ನರಗಳು ಸ್ನಾಯುಗಳನ್ನು ಒಟ್ಟಾಗಿ ದುಡಿಸಲು ಕಲಿತದ್ದರಿಂದ ಬಂದದ್ದು. ಎಂದರೆ, ಮೈ ದಪ್ಪವಾಗದೆಯೂ ಬಲ ಏರಬಲ್ಲುದು. ತೂಕದ ವರ್ಗದೊಳಗೆ ಆಡಬೇಕಾದ ಪೈಲವಾನನಿಗೆ ಇದು ದೊಡ್ಡ ಲಾಭ. ಕಟ್ಟುಮಸ್ತಾದ ಕುತ್ತಿಗೆ, ಹೆಗಲು, ಮೊಣಕಾಲುಗಳು ಬಿದ್ದಾಗ ಪೆಟ್ಟನ್ನೂ ತಾಳುತ್ತವೆ.

ಕಬ್ಬಿಣದಿಂದ ಮೈ ಬಿಗಿಯುತ್ತದೆಂಬ ವಸ್ತಾದನ ಭಯ ನಮ್ಮ ಗರಡಿಯದಷ್ಟೇ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪಶ್ಚಿಮದ ತರಬೇತುದಾರರೂ ಇದನ್ನೇ ನಂಬಿದ್ದರು. ಆ ನಂಬಿಕೆ ಸಡಿಲವಾದದ್ದು ಎರಡನೆಯ ಮಹಾಯುದ್ಧದ ಆಸ್ಪತ್ರೆಗಳಿಂದ. ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಮೊಣಕಾಲುಗಳಿಗೆ ತೂಕವನ್ನು ಕ್ರಮಕ್ರಮವಾಗಿ ಏರಿಸುವ ವ್ಯಾಯಾಮ ಕೊಟ್ಟು, ಅವರು ಬೇಗ ಚೇತರಿಸಿಕೊಳ್ಳುವುದನ್ನು ಕಂಡು 1945ರಲ್ಲಿ ಪ್ರಕಟಿಸಿದನು. ಕೀಲು ಪೂರ್ಣವಾಗಿ ಆಡುವಂತೆ ಭಾರ ಎತ್ತಿದವನ ಮೈ ಬಿಗಿಯುವುದಿಲ್ಲವೆಂಬುದು ಈಗ ತಿಳಿದ ಮಾತು. ಆದರೆ ವಸ್ತಾದನ ಮಾತಿನಲ್ಲಿ ಒಂದು ಸತ್ಯಾಂಶ ಉಳಿದೇ ಇದೆ. ಕಬ್ಬಿಣದ ಮುಂದೆ ಕಳೆದ ಹೊತ್ತು ಮಣ್ಣಿನಲ್ಲಿ ಕಳೆಯದ ಹೊತ್ತು. ಮೈ ಬಿಗಿಯದಿದ್ದರೂ ಪಟ್ಟಿನ ಅಭ್ಯಾಸ ತಪ್ಪಿದರೆ ಕಣದಲ್ಲಿ ಕಾಣುವ ಫಲ ಒಂದೇ.

ಅಭ್ಯಾಸಗಳು ಒಂದನ್ನೊಂದು ತಡೆಯುವುದೂ ಉಂಟು. ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕನು 1980ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದನ್ನು ತೋರಿಸಿತು. ಹತ್ತು ವಾರ ಬರಿಯ ಭಾರ ಎತ್ತಿದವರ ಬಲ ಏರುತ್ತಲೇ ಹೋಯಿತು. ಭಾರದ ಜೊತೆಗೆ ದಮ್ಮಿನ ಕಠಿಣ ಸಾಧನೆಯನ್ನೂ ಮಾಡಿದವರ ಬಲ ಏಳೆಂಟು ವಾರಗಳ ನಂತರ ನಿಂತು, ಆಮೇಲೆ ಇಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಮ್ಮ ರೈತ ಸುಮ್ಮನೆ ಕಟ್ಟಲಿಲ್ಲ. ಆದರೆ ಪೈಲವಾನನಿಗೆ ಎತ್ತೂ ಬೇಕು, ಕೋಣವೂ ಬೇಕು. ಬಲವೂ ಬೇಕು, ದಮ್ಮೂ ಬೇಕು. ಎರಡನ್ನೂ ಒಂದೇ ನೊಗಕ್ಕೆ ಒಂದೇ ದಿನ ಕಟ್ಟದಿರುವುದೇ ಜಾಣತನ.

ಇಲ್ಲಿ ನಮ್ಮ ಹಳೆಯ ಸಾಮಿನ ಮರ್ಮವನ್ನೂ ತಿಳಿಯಬೇಕು. ದಂಡ, ಬಸ್ಕಿ, ಲೋಡು ತಿರುಗಿಸುವುದು, ಗದೆ ಬೀಸುವುದು, ಕಣದ ಮಣ್ಣು ಅಗೆಯುವುದು, ಇವೆಲ್ಲ ಹಗುರವಾದ ಭಾರವನ್ನು ಬಹಳ ಹೊತ್ತು ನಿಭಾಯಿಸುವ ಸಾಧನೆಗಳು. ಗಾಮಾ ಪೈಲವಾನನು ದಿನಕ್ಕೆ ಸಾವಿರಗಟ್ಟಲೆ ದಂಡ ಬಸ್ಕಿ ಹೊಡೆಯುತ್ತಿದ್ದನೆಂದು ಪ್ರಸಿದ್ಧಿ. ಅಂದಿನ ಕುಸ್ತಿಗೆ ಅದು ಒಪ್ಪುತ್ತಿತ್ತು. ನಿಕಾಲಿ ಕುಸ್ತಿಯಲ್ಲಿ ಗಡಿಯಾರಕ್ಕೆ ಕೆಲಸವಿರಲಿಲ್ಲ. ಬೆನ್ನು ಮಣ್ಣಿಗೆ ತಾಗುವ ತನಕ ಹಿಡಿತ ನಡೆಯುತ್ತಿತ್ತು. ಎದುರಾಳಿಯನ್ನು ದಣಿಸುವವನೇ ಅಲ್ಲಿ ದೊಡ್ಡವನು. ಮ್ಯಾಟಿನ ಮೇಲಿನ ಇಂದಿನ ಕುಸ್ತಿಯಲ್ಲಿ ಮೂರು ನಿಮಿಷಗಳ ಎರಡು ಸುತ್ತು ಮಾತ್ರ, ಅಂಕಗಳ ಲೆಕ್ಕ ಬೇರೆ. ಆರು ನಿಮಿಷದಲ್ಲಿ ಮತ್ತೆ ಮತ್ತೆ ಚಿಮ್ಮಬೇಕು, ಎತ್ತಬೇಕು, ತಳ್ಳಬೇಕು. ಆಟದ ಗಡಿಯಾರ ಬದಲಾದಾಗ ಸಾಮಿನ ಲೆಕ್ಕವೂ ಬದಲಾಗಬೇಕು. ಮಣ್ಣಿನ ಜಾತ್ರೆಕುಸ್ತಿಯನ್ನೂ ಮ್ಯಾಟಿನ ಕುಸ್ತಿಯನ್ನೂ ಆಡುವ ನಮ್ಮ ಸೀಮೆಯ ಹುಡುಗರಿಗೆ ಎರಡು ಬಗೆಯ ದೇಹಗುಣ ಬೇಕಾಗಿದೆ. ಅವರ ಕಷ್ಟ ಇರುವುದು ಇಲ್ಲಿಯೇ. ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿ 1959ರಲ್ಲಿ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರ ಕಾಲದಲ್ಲಿ ಈ ಇಬ್ಬಂದಿ ಇಷ್ಟು ತೀವ್ರವಾಗಿರಲಿಲ್ಲ.

ಗಾಮಾನ ಹೆಸರು ಬಂದಿತು. ಅವನ ಕಲ್ಲಿನ ಮಾತನ್ನೂ ಆಡಬೇಕು. ವಡೋದರೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. 1902ರಲ್ಲಿ ಅದನ್ನು ಗಾಮಾ ಎತ್ತಿದನೆಂದೂ ಅದರ ತೂಕ 1200 ಕಿಲೋ ಎಂದೂ ಹೇಳಲಾಗುತ್ತದೆ. ಆದರೆ ಸಲಾಕೆಯನ್ನು ಹಿಡಿದು 500 ಕಿಲೋ ಡೆಡ್‌ಲಿಫ್ಟ್ ಮಾಡಿದ ಮೊದಲ ಮನುಷ್ಯನನ್ನು ಜಗತ್ತು ಕಂಡದ್ದು 2016ರಲ್ಲಿ. ಅವನು ಬ್ರಿಟನ್ನಿನ ಎಡ್ಡಿ ಹಾಲ್. ಇದನ್ನು ಬಲ್ಲವರಿಗೆ ವಡೋದರೆಯ ಲೆಕ್ಕ ನಂಬಲು ಕಷ್ಟ. ಬಾಯಿಂದ ಬಾಯಿಗೆ ಹೋಗುವಾಗ ಕಲ್ಲುಗಳೂ ತೂಕ ಏರುತ್ತವೆ. ಗಾಮಾನ ದೊಡ್ಡತನಕ್ಕೆ ಕಲ್ಲಿನ ಸಾಕ್ಷಿ ಬೇಕಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ಗಂಟೆಗಟ್ಟಲೆ ಹಿಡಿದು ಸಮವಾಗಿ ಬಿಟ್ಟ ಜಿಬಿಸ್ಕೋನನ್ನು 1928ರಲ್ಲಿ ಪಟಿಯಾಲದಲ್ಲಿ ಒಂದು ನಿಮಿಷದೊಳಗೇ ಚಿತ್ತುಮಾಡಿದನಲ್ಲ, ಆ ಸಾಕ್ಷಿ ಸಾಕು.

ನಮ್ಮ ಸೀಮೆಯಲ್ಲಿಯೂ ಇಂಥ ಒಂದು ಸ್ಮರಣೆಯುಂಟು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಗುಡಿಯಿದೆ. ಅಲ್ಲಿ ಮೂರ್ತಿಯ ಎರಡು ಬದಿಗೆ ಸಾಮಿನ ಎರಡು ಮರದ ಭಾರಗಳನ್ನು ಇರಿಸಿದ್ದಾರೆ. ಒಂದು ರಾಯಣ್ಣನೇ ಬಳಸುತ್ತಿದ್ದದ್ದೆಂದು ಊರವರ ನಂಬಿಕೆ. ವೀರನೊಬ್ಬನ ಗುಡಿಯಲ್ಲಿ ಸಾಮಿನ ಸಾಧನಕ್ಕೂ ಸ್ಥಾನ ದೊರೆತಿರುವುದು ಅರ್ಥಪೂರ್ಣವಾಗಿದೆ. ಆದರೆ ರಾಯಣ್ಣ ಇಂಗ್ಲಿಷರನ್ನು ಕಾಡಿದ್ದು ತೋಳಬಲವೊಂದರಿಂದಲೇ ಅಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕಿತ್ತೂರಿನ ಯುದ್ಧವಾಗಿ, ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಮೇಲೂ ಅವನು ಹೋರಾಟ ನಡೆಸಿದ್ದು ಕಾಡು, ಹಳ್ಳ, ಇರುಳುಗಳನ್ನು ಬಲ್ಲ ಯುಕ್ತಿಯಿಂದ, ಜನರ ಬೆಂಬಲದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನನ್ನು ಹಿಡಿದುಕೊಟ್ಟದ್ದು ಮೋಸ. ಅದರ ಮುಂದೆ ಶಕ್ತಿ ಯುಕ್ತಿಗಳೆರಡೂ ಸೋತವು.

ಕಲ್ಲು, ಚೀಲಗಳ ಪಂದ್ಯವನ್ನು ಹಳ್ಳಿಯ ಹುಚ್ಚಾಟವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಸಲಾಕೆ ಕೈಗೆ ಒಪ್ಪುವ ಹಿಡಿಯುಳ್ಳದ್ದು, ಎರಡು ಬದಿಗೂ ಸಮತೂಕದ್ದು, ಹೇಳಿದಂತೆ ಕೇಳುವಂಥದು. ಗುಂಡುಕಲ್ಲಿಗೆ ಹಿಡಿಯಿಲ್ಲ. ಜೋಳದ ಚೀಲವನ್ನು ಎತ್ತಿದಾಗ ಕಾಳು ಒಂದು ಮೂಲೆಗೆ ಜಾರಿ ತೂಕ ವಾಲುತ್ತದೆ. ಬೆವರಿದ ಎದುರಾಳಿಯ ಮೈಗೆ ಇವೇ ಹತ್ತಿರದ ಹೋಲಿಕೆ. ಅಪ್ಪಿ ಹಿಡಿಯುವ ತೋಳು, ಬೆರಳಿನ ಪಟ್ಟು, ಓರೆಯಾದ ಭಾರವನ್ನು ತಡೆಯುವ ಸೊಂಟ ಇವುಗಳಿಂದ ಬೆಳೆಯುತ್ತವೆ. ಸಲಾಕೆಯ ಹಿರಿಮೆ ಇನ್ನೊಂದರಲ್ಲಿದೆ. ಅದರ ಭಾರವನ್ನು ಎರಡೂವರೆ ಕಿಲೋದಂತೆ ಮೆಲ್ಲಮೆಲ್ಲನೆ ಏರಿಸಬಹುದು, ಬರೆದಿಡಬಹುದು. ಕಲ್ಲು ಇದ್ದಷ್ಟೇ ಇರುತ್ತದೆ: ಎತ್ತಲಾಗದವನಿಗೆ ಅದು ಗೋಡೆ, ಎತ್ತಿದವನಿಗೆ ಮರುವರ್ಷಕ್ಕೆ ಅದೇ ಪಾಠ. ಎಳೆಗರುವನ್ನು ದಿನವೂ ಹೊತ್ತು, ಅದು ಹೋರಿಯಾಗುವ ತನಕ ಬಿಡದೆ ಹೊತ್ತನೆಂಬ ಗ್ರೀಸಿನ ಮಲ್ಲ ಮೈಲೋನ ಕಥೆಯ ತಾತ್ಪರ್ಯ ಈ ಕ್ರಮದ ಏರಿಕೆಯೇ. ಆದರೆ ಕಲ್ಲಿಗೂ ಸಲಾಕೆಗೂ ಚೀಲಕ್ಕೂ ಒಂದು ಕೊರತೆ ಸಮಾನ: ಅವು ಎದುರಾಡುವುದಿಲ್ಲ, ಮೋಸದ ಹೆಜ್ಜೆ ಇಡುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ದಿನವಿಡೀ ಚೀಲ ಹೊರುವ ಹಮಾಲರ ಬಲಕ್ಕೆ ಯಾರು ತಲೆಬಾಗದಿದ್ದಾರು? ಆದರೂ ಪಟ್ಟು ಕಲಿಯದೆ ಕಣಕ್ಕಿಳಿದರೆ ಅವರಿಗಿಂತ ಹಗುರಾದ ಹುಡುಗ ಅವರನ್ನು ಬೀಳಿಸಿಯಾನು.

ಭಾರ ಎತ್ತುವುದೇ ಗುರಿಯಾದಾಗ ಅದು ತನ್ನಷ್ಟಕ್ಕೆ ಗೌರವದ ವಿದ್ಯೆ. ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿಯವರು ಮೊದಲು ಮನಸ್ಸಿಟ್ಟದ್ದು ಕುಸ್ತಿಯ ಮೇಲೆ. ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವ ಕಡೆಗೆ ತಿರುಗಿದರು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕವನ್ನೂ, 2022ರಲ್ಲಿ 269 ಕಿಲೋ ಎತ್ತಿ ಕಂಚಿನ ಪದಕವನ್ನೂ ತಂದರು. ಕನ್ನಡ ಓದುಗರಿಗೆ 'ಶಾಂತಲಾ', 'ರೂಪದರ್ಶಿ'ಗಳ ಕರ್ತೃವಾಗಿ ಪರಿಚಿತರಾದ ಕೆ. ವಿ. ಅಯ್ಯರರು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿ ಕಲಿಸಿದರು. ಅವರ ದೃಷ್ಟಿ ಅಂಗಸೌಷ್ಠವದ ಕಡೆಗಿತ್ತು. ಚೆಲುವಿಗಾಗಿ, ತೂಕಕ್ಕಾಗಿ, ಕಾಳಗಕ್ಕಾಗಿ ಹೀಗೆ ಮೂರು ಗುರಿಗಳಿಗೆ ಒಂದೇ ಕಬ್ಬಿಣ. ಗುರಿ ಬೇರೆಯಾದಾಗ ಎತ್ತುವ ಕ್ರಮವೂ ಬೇರೆಯಾಗಬೇಕು. ಇದನ್ನು ಮರೆತು ಪೈಲವಾನನಿಗೆ ಚೆಲುವಿನ ಸಾಮನ್ನು ಕೊಡುವುದರಿಂದಲೇ ಬಹುಪಾಲು ಕೇಡು ಬಂದಿದೆ. ತೋಳು ಎದೆಗಳು ಉಬ್ಬುತ್ತವೆ, ಮೈತೂಕ ಏರುತ್ತದೆ. 65 ಕಿಲೋದ ವರ್ಗದಲ್ಲಿ ಆಡುತ್ತಿದ್ದವನು 74 ಕಿಲೋದ ವರ್ಗಕ್ಕೆ ಸರಿದು, ತನಗಿಂತ ಎತ್ತರದವರ ಕೈಗೆ ಸಿಕ್ಕುತ್ತಾನೆ.

ಅಪಾಯಗಳನ್ನೂ ಮುಚ್ಚಿಡಬಾರದು. ಸಮರಕಲೆಯ ಪ್ರಸಿದ್ಧ ನಟ ಬ್ರೂಸ್ ಲೀ 1970ರಲ್ಲಿ ಹೆಗಲ ಮೇಲೆ ಭಾರವಿಟ್ಟು ಮುಂದೆ ಬಾಗುವ ವ್ಯಾಯಾಮದಲ್ಲಿ ಬೆನ್ನು ನೋಯಿಸಿಕೊಂಡು ತಿಂಗಳುಗಟ್ಟಲೆ ಮಲಗಬೇಕಾಯಿತು. ಜಾತ್ರೆಯ ಚಪ್ಪಾಳೆಗೆ ಮನಸೋತು, ಅಭ್ಯಾಸವಿಲ್ಲದೆ, ಬೆನ್ನು ಗೂನು ಮಾಡಿ ಕಲ್ಲಿಗೆ ಕೈಹಾಕುವ ನಮ್ಮ ಹುಡುಗರಿಗೂ ಅದೇ ಗತಿ ಕಾದಿದೆ. ಬೇಗ ಬಲ ಬರಲೆಂದು ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದು ಅದಕ್ಕಿಂತ ಘೋರ. ಪದಕವೂ ಹೋಗುತ್ತದೆ, ಯಕೃತ್ತು ಹೃದಯಗಳೂ ಕೆಡುತ್ತವೆ. ಹಾಲು, ಬಾದಾಮಿಯ ಖುರಾಕಿಗೇ ಪರದಾಡುವ ಮನೆಯಿಂದ ಇಂಥ ವಿಷಕ್ಕೆ ಹಣ ಹೋಗುವುದು ಇನ್ನೂ ದುಃಖದ ಸಂಗತಿ.

ಹಾಗಾದರೆ ಆ ಹದಿನೇಳರ ಹುಡುಗನಿಗೆ ಏನು ಹೇಳೋಣ? ಪಟ್ಟು ಮೊದಲು, ಭಾರ ಆಮೇಲೆ. ಆದರೆ ಭಾರ ಬೇಡವೆನ್ನಬೇಡ. ವಾರಕ್ಕೆ ಎರಡು ದಿನ ಸಾಕು. ಕೆಲವೇ ಬಗೆಯ ಎತ್ತುಗಳು, ಕೆಲವೇ ಸಲ, ಬೆನ್ನು ನೆಟ್ಟಗಿಟ್ಟು, ಬಲ್ಲವರ ಕಣ್ಣೆದುರು. ಮಳೆಗಾಲದಲ್ಲಿ ಜಾತ್ರೆಗಳು ಬಿಡುವು ಕೊಟ್ಟಾಗ ಭಾರವನ್ನು ಏರಿಸು. ಸುಗ್ಗಿ ಮುಗಿದು ಕುಸ್ತಿಯ ಕಾಲ ಹತ್ತಿರ ಬಂದಾಗ ಅದನ್ನು ಇಳಿಸಿ, ಚುರುಕಿಗೂ ದಮ್ಮಿಗೂ ಮನಸ್ಸು ಕೊಡು. ಎಷ್ಟು ಎತ್ತಿದೆ ಎಂಬುದನ್ನು ಗೆಳೆಯರ ಮುಂದೆ ಹೇಳಿಕೊಳ್ಳುವುದಕ್ಕಿಂತ, ಎತ್ತಿದ್ದರಿಂದ ಹಿಡಿತದಲ್ಲಿ ಏನು ಬದಲಾಯಿತೆಂದು ವಸ್ತಾದನನ್ನು ಕೇಳು. ಬದಲಾಗದಿದ್ದರೆ ಆ ಭಾರ ನಿನ್ನದಲ್ಲ.

ಹುಡುಗನಿಗೆ ಹೇಳಿದಷ್ಟರಿಂದ ಕೆಲಸ ಮುಗಿಯುವುದಿಲ್ಲ. ಹಿರಿಯರಿಗೂ ಒಂದು ಮಾತು ಸಲ್ಲಬೇಕು. ಗರಡಿಯೂ ಜಿಮ್ಮೂ ದಾಯಾದಿಗಳಂತೆ ಬೆನ್ನು ತಿರುಗಿಸಿ ಕುಳಿತಿರುವುದರಿಂದ ನಷ್ಟವಾಗುತ್ತಿರುವುದು ಮಕ್ಕಳಿಗೆ. ಕಿತ್ತೂರು ಉತ್ಸವದ ಕುಸ್ತಿಗೂ ಊರೂರ ಜಾತ್ರೆಗಳಿಗೂ ಖರ್ಚಾಗುವ ಹಣದಲ್ಲಿ ಒಂದು ಅಲ್ಪಾಂಶವನ್ನು ತೆಗೆದಿಟ್ಟರೆ, ಈ ನಾಲ್ಕು ತಾಲೂಕುಗಳ ದೊಡ್ಡ ಗರಡಿಗಳಿಗೆ ಒಂದೊಂದು ಸಲಾಕೆಯನ್ನೂ ಒಂದು ಜೋಡಿ ಬಿಲ್ಲೆಗಳನ್ನೂ ಕೊಡುವುದು ಅಸಾಧ್ಯವೇನಲ್ಲ. ಅವು ಹನುಮಪ್ಪನ ಮೂರ್ತಿಯಿರುವ ಮನೆಯಲ್ಲಿಯೇ, ಮಣ್ಣಿನ ಕಣದ ಬದಿಯಲ್ಲಿಯೇ ಇರಲಿ. ಎಷ್ಟು ಎತ್ತಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಪಟ್ಟು ಕಲಿಸುವ ವಸ್ತಾದನದಾಗಲಿ. ವಸ್ತಾದನೂ ಆ ಲೆಕ್ಕವನ್ನು ಕಲಿಯಲು ಮನಸ್ಸು ಮಾಡಲಿ. ಭಾರಶ್ರಮವನ್ನು ಮಲ್ಲನ ಪಟ್ಟಿಯಲ್ಲಿ ಬರೆದಿಟ್ಟ ದೊರೆಯ ನಾಡಿನಲ್ಲಿ ಇದು ಹೊಸ ಪದ್ಧತಿಯೇನೂ ಆಗಲಾರದು.